ಐದನೇ ಹಾಡು ಯಾಕ ಮುಂದ ಹೋಗವಲ್ದು

ಮೂವತ್ತೊಂದು ವರ್ಷ ನಾನು ಟೆಲಿಫೋನ್ ಖಾತೇದಾಗ ಲೈನ್‌ಮನ್ ಆಗಿದ್ನಿ. ಕಂಬ ಹತ್ತೂದು, ವಾಯರ್ ಹಿಡಿಯೂದು, ಎಲ್ಲಿ ಕೆಟ್ಟೈತಿ ಅಂತ ಹುಡುಕೂದು, ಇಷ್ಟ ನನ್ನ ನೌಕರಿ. ರಿಟೈರ್ ಆದ ಮ್ಯಾಲಾದ್ರೂ ಕೆಟ್ಟ ಸಾಮಾನು ನನ್ನ ಬೆನ್ನ ಬಿಡತಾವ ಅನ್ಕೊಂಡಿದ್ನಿ. ಎಲ್ಲಿ ಬಿಟ್ಟಾವು. ನನ್ನ ಮನಿ ವಿಳಾಸ ಅವಕ್ಕ ಯಾರ ಕೊಟ್ಟಾರೋ ಏನೋ, ಒಂದರ ಹಿಂದ ಒಂದು ಹುಡುಕ್ಕೊಂಡು ಬರ್ತಾವ. ಒಮ್ಮೆ ಮಿಕ್ಸರ್, ಒಮ್ಮೆ ಗಡಿಯಾರ. ಈ ಸಲ ಬಂದದ್ದು ಒಂದು ಸೀಡಿ.

೧. ಮಲಗಿದ ಕಂಪ್ಯೂಟರ್

ನಮ್ಮ ಮಗಳನ್ನ ಮುಧೋಳಕ್ಕ ಕೊಟ್ಟೇವಿ. ಆಕಿ ಈಗ ಏಳು ತಿಂಗಳ ಬಸರಿ. ಬೀಗರ ಮನ್ಯಾಗ ಕುಬಸ, ಅಂದ್ರ ಸೀಮಂತ, ಐತಾರ ಮಾಡೂದಂತ ಗೊತ್ತಾತು. ಹನ್ನೆರಡು ದಿನ ಮೊದಲ ಮಗಳು ಫೋನ್ ಮಾಡಿದ್ಳು. ಡಿಜೆ ಗಿಜೆ ಬ್ಯಾಡಪ್ಪಾ, ಕುಬಸಕ್ಕ ಕುಂತಾಗ ನನಗ ಅವ್ವನ ಹಾಡ ಬೇಕು ಅಂದ್ಳು.

ಅವ್ವ ಅಂದ್ರ ನನ್ನ ಹೆಂಡ್ತಿ. ಬನಹಟ್ಟ್ಯಾಗ ನಮ್ಮ ಓಣ್ಯಾಗ ಯಾರ ಮನ್ಯಾಗ ಕುಬಸ ಇರ್ಲಿ, ತೊಟ್ಟಿಲ ಇರ್ಲಿ, ಆಕಿ ಹಾಡದ ಕಾರ್ಯ ಮುಗೀತಿದ್ದಿಲ್ಲ. ಎರಡು ವರ್ಷದ ಹಿಂದ ಗಂಟಲದ ಆಪರೇಷನ್ ಆತು. ಮಾತು ಉಳೀತು, ಹಾಡು ಹೋತು. ಈಗೂ ರೊಟ್ಟಿ ಬಡಿಯೂವಾಗ ಆಕಿ ತುಟಿ ಆಡತಾವ, ದನಿ ಹೊರಗ ಬರೂದಿಲ್ಲ. ಆಕಿ ಒಂದು ದಿನಾನೂ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ.

ಆಕಿ ದನಿ ಉಳದದ್ದು ಒಂದ ಸೀಡ್ಯಾಗ. ಒಂಬತ್ತು ವರ್ಷದ ಹಿಂದ ಆಕಿ, ಬಾಜೂ ಮನಿ ಮಗ್ಗದಾಕಿ, ಇನ್ನೂ ನಾಕು ಹೆಣ್ಮಕ್ಕಳು ಕೂಡಿ ಜಮಖಂಡ್ಯಾಗ ಒಂದು ಸ್ಟುಡಿಯೋಕ್ಕ ಹೋಗಿ ಎಂಟು ಹಾಡು ಹಾಡಿ ಬಂದಿದ್ರು. ಬುತ್ತಿ ಚೀಲ ಹೊತ್ತುಕೊಂಡು ನಾನೂ ಹೋಗಿದ್ನಿ. ತಂಪನ್ನ ಕೋಣಿ, ಗೋಡಿಗೆಲ್ಲಾ ಗಾದಿ ಬಡದಿದ್ರು, ನಾ ಒಂದು ಮೂಲ್ಯಾಗ ಕುಂತ್ನಿ. ಅಷ್ಟ ನೆನಪೈತಿ, ಮುಂದಿಂದು ನೆನಪಿಲ್ಲ.

ಸೀಡಿ ಬಂದು ಮನ್ಯಾಗ ಹಾಕಿ ಕೇಳಿದ್ರ, ಐದನೇ ಹಾಡಿನ್ಯಾಗ, ಅಂದ್ರ ಕುಬಸದ ಹಾಡಿನ್ಯಾಗ, ದನಿಯ ಕೆಳಗ ಏನೋ ಒಂದು ಗುಂಯ್ ಅನ್ನೂ ಸಪ್ಪಳ. ಸಣ್ಣ ಪ್ಲೇಯರಿನ್ಯಾಗ ಏನಂತ ತಿಳೀಲಿಲ್ಲ. ನಮ್ಮಾಕಿ ಅಂದ್ಳು, ಇದು ಮಗ್ಗದಾಕಿ ಶ್ರುತಿ ಬಿಟ್ಟಿದ್ದು. ಮಗ್ಗದಾಕಿ ಅಂದ್ಳು, ನನ್ನ ಗಂಟಲ ನನಗ ಗೊತ್ತಿಲ್ಲೇನು, ಆ ದನಿ ಆಕೀದ. ಅವತ್ತಿನಿಂದ ಇಬ್ರಿಗೂ ಮಾತಿಲ್ಲ. ನಡುವ ಒಂದ ಗೋಡಿ, ಒಂಬತ್ತು ವರ್ಷ.

ಆ ಪ್ಲೇಯರ್ ಎಂದೋ ಕೆಟ್ಟು ಗುಜರಿ ಸೇರೈತಿ. ಸೀಡಿ ಹಾಕೂ ಸಂದಿ ಇದ್ದದ್ದು ಮಗಳು ಕಾಲೇಜಿಗಿ ಹೋಗೂವಾಗಿನ ಹಳೇ ಕಂಪ್ಯೂಟರಿಗಿ ಮಾತ್ರ. ಅದರಾಗ ಹಾಕಿ, ಮುಧೋಳಕ್ಕ ಒಯ್ಯಾಕ ಬರೂವಂಗ ಹಾಡು ಇಳಿಸಾಕ ಕುಂತ್ನಿ. ಮೊದಲಿನ ನಾಕು ಹಾಡಿಗೆ ಎರಡು ದಿನ ಹಿಡೀತು. ಐದನೇದಕ್ಕ ಬಂದು, ಎಷ್ಟು ಇಳೀತು ಅಂತ ತೋರಸೂ ಹಸರ ಪಟ್ಟಿ ಅಲ್ಲೆ ನಿಂತು ಬಿಡ್ತು. ಇನ್ನೂ ಎಂಟು ತಾಸು ಅಂತ ಬರದು ತೋರಸ್ತು. ಸ್ವಲ್ಪ ಹೊತ್ತಿನ ಮ್ಯಾಲ ನೋಡಿದ್ರ ಹದಿನಾಕು ತಾಸು.

ಬಾಜೂಕ ಮಗ್ಗದಾಕಿ ಮನ್ಯಾಗ ಹಗಲೂ ರಾತ್ರಿ ನಾಕು ಪಾವರ್‌ಲೂಮ್ ಖಟಾಖಟ್ ಅಂತಿರ್ತಾವ. ಮಂದಿಗೆ ಅದು ಗದ್ದಲ, ನನಗ ಜೋಗುಳ. ಪಟ್ಟಿ ನೋಡ್ಕೋತ ಕುಂತಾವ ಯಾವಾಗ ಕಂಬ ಹತ್ತಿದ್ನೋ ಗೊತ್ತಿಲ್ಲ. ಕಬ್ಬಿನ ಹೊಲದ ಮ್ಯಾಲ ವಾಯರ್ ಹಾಯ್ದಿತ್ತು, ವಾಯರಿನ ತುಂಬ ಗುಬ್ಬಿ, ಒಂದೊಂದು ಗುಬ್ಬಿ ನಮ್ಮಾಕಿ ಹಾಡಿನ ಒಂದೊಂದು ಸಾಲು ಹೇಳಾಕತ್ತಿತ್ತು. ಐದನೇ ಗುಬ್ಬಿ ಬಾಯಿ ತಗಿಯೂವಷ್ಟರಾಗ ಹೆಂಡ್ತಿ ಚಾ ತಂದು ಎಬ್ಬಿಸಿದ್ಳು. ಪಟ್ಟಿ ಒಂದು ಕೂದಲೆಳಿ ಸರದಿತ್ತು.

ಅದೂ ನಿಮ್ಮಂಗ ಮಲಗೇತಿ ಬಿಡ್ರಿ, ಆದ್ರ ಪಾಪ ಗೊರಕಿ ಹೊಡಿಯೂದಿಲ್ಲ ಅಂದ್ಳು. ನಾನೂ ಹೊಡಿಯೂದಿಲ್ಲ ಅಂದ್ನಿ. ಗುರ್ ಅಂತ ಏರಿ ಪುಸ್ ಅಂತ ಇಳೀತೈತಿ, ಸ್ಟ್ಯಾಂಡಿನ್ಯಾಗ ಬಸ್ ನಿಂತಂಗ, ಮೂವತ್ತೈದು ವರ್ಷ ಕೇಳೇನಿ ಅಂದ್ಳು. ಕೇಳಿದಾಕಿ ನೀ ಒಬ್ಬಾಕಿ, ಒಬ್ಬರ ಸಾಕ್ಷಿ ಕೋರ್ಟಿನ್ಯಾಗ ನಡಿಯೂದಿಲ್ಲ ಅಂತ ಹೇಳಿ ಬಾಯಿ ಮುಚ್ಚಿಸಿದ್ನಿ.

೨. ಜಮಖಂಡಿಗೆ ಹೋದ ಗಾದಿ

ಕಂಪ್ಯೂಟರಿನ ಡಬ್ಬಿ ಚಾದರಿನ್ಯಾಗ ಸುತ್ತಿ, ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನ್ಯಾಗ ಜಮಖಂಡಿ ಬಜಾರಕ್ಕ ಒಯ್ದ್ನಿ. ಬಾಜೂ ಕುಂತ ಅಜ್ಜಿ ಅರ್ಧ ದಾರಿ ತನಕ ಅದನ್ನ ಕೂಸು ಅಂತ ತಿಳದು ಸೀರಿ ಪದರಲೆ ಗಾಳಿ ಹಾಕಿದ್ಳು. ನಾನೂ ಬ್ಯಾಡ ಅನ್ನಲಿಲ್ಲ, ಶೆಕಿ ಭಾಳ ಇತ್ತು.

ಹೆಂಡ್ತಿ ತನ್ನ ಸೀಡಿ ಕೊಟ್ಟು ಕಳಿಸಲಿಲ್ಲ. ಹಿಂದೊಮ್ಮೆ ಬೀಳಗಿ ಕಡೆ ಸಂಬಂಧಿಕರು ಕೇಳಾಕಂತ ಒಯ್ದು, ಎರಡು ವರ್ಷ ಅದರ ಮ್ಯಾಲ ಚಾದ ಕಪ್ಪು ಇಟ್ಟು, ಗೀರು ಬೀಳಿಸಿ ಕೊಟ್ಟಿದ್ರು. ಅವತ್ತಿನಿಂದ ಅದು ಹೊಸ್ತಿಲ ದಾಟಬಾರದು ಅಂತ ಆಕಿ ಹಟ. ಅದಕ್ಕ ಪರೀಕ್ಷಾಕ್ಕ ಅಂತ ಚಿಮ್ಮಡದವರ ಒಂದು ಭಜನಿ ಸೀಡಿ ಒಯ್ದಿದ್ನಿ.

ರಿಪೇರಿಯಾವ ಡಬ್ಬಿ ಬಿಚ್ಚಿದಾ. ಒಳಗ ವಾಯರ್ ಕಾಣಸ್ಲಿಲ್ಲ. ಹತ್ತು ವರ್ಷದ ಮಗ್ಗದ ಹತ್ತಿ ಜುಂಗು ಬೆಳ್ಳಗ, ಮೆತ್ತಗ ತುಂಬಿತ್ತು. ಆತ ನನ್ನ ಮಾರಿ ನೋಡಿ, ಅಣ್ಣಾರ, ಕಂಪ್ಯೂಟರ್ ತಂದೀರೋ ಗಾದಿ ತಂದೀರೋ ಅಂದ. ಎಲ್ಲಾ ತಗದು, ಗಾಳಿ ಹೊಡದು, ಒಂದು ವಾಯರ್ ಬದಲಿ ಮಾಡಿ, ಭಜನಿ ಸೀಡಿ ಹಾಕಿದಾ. ಒಂದು ಹಾಡಿಗೆ ಮೂರು ಮಿನಿಟ್ ಹಿಡೀಲಿಲ್ಲ.

ಖುಷಿಲೆ ಮನಿಗೆ ತಂದು ಅದ ಸೀಡಿ ಹಾಕಿದ್ರ, ಒಂದು ಹಾಡಿಗೆ ಮತ್ತ ಒಂದು ತಾಸು. ಫೋನ್ ಮಾಡಿದ್ನಿ. ನಮ್ಮ ಕಡೆ ಎಲ್ಲಾ ಸರಿ ಐತ್ರಿ, ನಿಮ್ಮ ಮನ್ಯಾಗ ಏನೋ ಇರಬೇಕು ನೋಡ್ಕೋರಿ ಅಂದ. ಫೋನ್ ಇಟ್ನಿ. ಮೂವತ್ತೊಂದು ವರ್ಷ ಫೋನ್ ಕೆಟ್ಟವರಿಗೆಲ್ಲಾ ನಾ ಹೇಳಿದ ಮಾತು ಒಂದಕ್ಷರ ಬಿಡದ ನನಗ ವಾಪಸ್ ಬಂದಿತ್ತು.

೩. ದಿಕ್ಕು

ಬೀಳಗಿಯಿಂದ ನಮ್ಮಾಕಿ ಅಣ್ಣ ಬಂದ. ಆತಗ ತಿಳೀಲಾರದ್ದು ಜಗತ್ತಿನ್ಯಾಗ ಇನ್ನೂ ಹುಟ್ಟಿಲ್ಲ. ಒಳಗ ಬಂದು ಚಪ್ಪಲ ಬಿಡೂ ಮೊದಲ ಕಂಪ್ಯೂಟರ್ ನೋಡಿ, ಭಾವಾ, ಇದರ ಮಾರಿ ದಕ್ಷಿಣಕ್ಕ ಐತಿ ಅಂದ. ದಕ್ಷಿಣಕ್ಕ ಮಾರಿ ಮಾಡಿ ಕುಂತ ಯಾವ ಕೆಲಸ ಮುಂದ ಹೋಗೇತಿ ಹೇಳು ಅಂತ ನನ್ನ ಕೇಳಿದಾ.

ಇಬ್ರೂ ಕೂಡಿ ಟೇಬಲ್ ಜಗ್ಗಿ, ಮಗ್ಗದಾಕಿ ಗೋಡಿಗೆ ಹಚ್ಚಿ, ಮಾರಿ ಪೂರ್ವಕ್ಕ ಮಾಡಿದ್ವಿ. ಹೆಂಡ್ತಿ ಸೀಡಿಗೆ ಕುಂಕಮ ಹಚ್ಚಾಕ ಬಂದಿದ್ಳು, ಕೈ ಹಿಡದ್ನಿ. ಐದನೇ ಹಾಡು ಸುರು ಮಾಡಿದ್ರ ಮೂವತ್ತೊಂದು ತಾಸು ಅಂತ ಬಂತು. ಆತ ಎಳ್ಳಷ್ಟೂ ಅಳುಕಲಿಲ್ಲ. ಶಾಂತ ಕುಂತು ಚಾ ಕುಡಕೋತ, ನೋಡು, ಇಷ್ಟು ದಿನ ಅದು ಸುಳ್ಳ ಹೇಳತಿತ್ತು, ಈಗ ಖರೆ ಹೇಳಾಕತ್ತೇತಿ ಅಂದ.

೪. ಬಿಕ್ಕಳಿಕಿ

ಜಮಖಂಡಿ ರಿಪೇರಿಯಾವನ ಮತ್ತ ಕೇಳಿದ್ನಿ. ಓದಾಕ ಬರದಿದ್ರ ಅದು ಮತ್ತ ಮತ್ತ ಓದತೈತ್ರಿ, ತಪ್ಪು ತಿದ್ದು ಅಂತ ಒಂದು ಟಿಕ್ಕು ಇರತೈತಿ, ಅದನ್ನ ತಗೀರಿ, ಓಡತೈತಿ ಅಂದ. ತಗದ್ನಿ. ಓಡ್ತು. ಐದನೇ ಹಾಡು ನಾಕು ಮಿನಿಟಿನ್ಯಾಗ ಇಳೀತು.

ಹೆಂಡ್ತಿನ ಕರದು, ಕುರ್ಚಿ ಹಾಕಿ ಕುಂಡ್ರಿಸಿ ಹಚ್ಚಿದ್ನಿ. ಹಾಡಿನ್ಯಾಗ ಬಸರಿ ಹೆಂಗಸಿಗೆ ತವರವರು ಹಸರ ಸೀರಿ ತರಬೇಕು, ಉಡಿಸಬೇಕು, ಉಡಿ ತುಂಬಬೇಕು. ಹಸರ, ಹಸರ, ಹಸರ, ಹಸರ ಅಂತ ನಿಂತು ಬಿಡ್ತು. ಸೀರಿ ಬರಲಿಲ್ಲ. ನಾಕು ಮಿನಿಟ್ ಪೂರಾ ಆ ಹೆಣ್ಮಗಳು ಹಂಗ ಕುಂತ್ಳು. ನಮ್ಮಾಕಿ ಎದ್ದು ಒಳಗ ಹೋದ್ಳು. ಒಂಬತ್ತು ತಿಂಗಳು ತುಂಬೂದರಾಗ ಸೀರಿ ಬಂದ್ರ ಹೇಳ್ರಿ ಅಂದ್ಳು.

ನಗಬೇಕಂತ ಅಂದದ್ದು ಅದು. ಅಡಗಿ ಮನ್ಯಾಗ ಹೋಗಿ ನೋಡಿದ್ರ ಕಣ್ಣು ಒರಸ್ಕೋತ ನಿಂತಿದ್ಳು. ಆಗ ನನಗ ಇದು ಆಟ ಅಲ್ಲ ಅನಿಸ್ತು. ಹೊಳ್ಳಿ ಬಂದು ಆ ಟಿಕ್ಕು ಮತ್ತ ಹಾಕಿದ್ನಿ.

೫. ಅಮಾಸಿ ಹಿಡಿಯೂ ಕಂಪ್ಯೂಟರ್

ಕುಬಸಕ್ಕ ಐದು ದಿನ ಇರೂವಾಗ ಅಮಾಸಿ ಬಂತು. ಅಮಾಸಿಗೆ ನಮ್ಮ ಓಣ್ಯಾಗ ಮಗ್ಗ ಹಚ್ಚೂದಿಲ್ಲ. ಓಣಿ ಅಂದ್ರ ನೀರ ನಿಂತ ಬಾವಿ ಇದ್ದಂಗ ಇತ್ತು. ನನಗ ನಿದ್ದಿ ಹತ್ತವಲ್ದು. ಮಾಡಾಕ ಬ್ಯಾರೆ ಕೆಲಸ ಇಲ್ಲಂತ ಭಜನಿ ಸೀಡಿ ಹಾಕಿದ್ನಿ. ಅದರಾಗಿನ ಎಲ್ಲಾ ಹಾಡು ಅರ್ಧ ತಾಸಿನ್ಯಾಗ ಇಳದು, ಟ್ರೇ ತಾನ ಹೊರಗ ಬಂತು. ಹತ್ತಿರ ಯಾರಾದ್ರೂ ಇದ್ದಿದ್ರ ಮುದ್ದ ಕೊಡತಿದ್ನಿ.

ಓಡಿ ಹೋಗಿ ನಮ್ಮಾಕಿ ಸೀಡಿ ತಂದ್ನಿ. ಆಕಿ ನನ್ನ ಕೈ ಗಟ್ಟಿ ಹಿಡದ್ಳು. ಅಮಾಸಿ ದಿನ ಕುಬಸದ ಹಾಡ ಮುಟ್ಟತೀರೇನ್ರಿ, ಮಗಳು ಬಸರಿ ಅದಾಳ ಅಂದ್ಳು. ಹಾಡು ಮುಟ್ಟೂದಿಲ್ಲ, ಇಳಸತೇನಿ ಅಷ್ಟ ಅಂದ್ರೂ ಕೇಳಲಿಲ್ಲ. ಸೀಡಿ ಒಯ್ದು ದೇವರ ಜಗಲಿ ಮ್ಯಾಲ ಇಟ್ಟು, ಅದರ ಮುಂದ ತಾನ ಕುಂತ್ಳು. ಮರುದಿನ ಮುಂಜಾನೆ ಒಳ್ಳೇ ಹೊತ್ತು ನೋಡಿ ಹಾಕಿದ್ವಿ. ಹದಿನಾಕು ತಾಸು.

ಚಾದಂಗಡ್ಯಾಗ ಈ ಮಾತು ಹೇಳಿದ್ದ ತಪ್ಪಾತು. ಲೈನ್‌ಮನ್ ಕಂಪ್ಯೂಟರ್ ಅಮಾಸಿ ಹಿಡೀತೈತಂತ ಅಂತ ಸಂಜಿ ಒಳಗ ರಬಕವಿ ತನಕ ಸುದ್ದಿ ಹೋತು. ಕಾಯಿ ಒಡಸ್ಕೋತೈತೇನು, ಒಪ್ಪತ್ತು ಉಣತೈತೇನು ಅಂತ ಎಲ್ಲಾರೂ ಚಾಷ್ಟಿ ಮಾಡಿದ್ರು. ಹುನ್ನೂರಿನ ಒಬ್ಬ ಮುದುಕ ಮಾತ್ರ ನಗಲಿಲ್ಲ. ಭಾಳ ಹೊತ್ತು ವಿಚಾರ ಮಾಡಿ, ಹತ್ತಿರ ಸರದು, ಸಣ್ಣ ದನೀಲೆ ಕೇಳಿದಾ, ಹುಣ್ಣಿವಿಗೆ ಹೆಂಗ್ರಿ?

೬. ಕಂಬಕ್ಕ ಕಿವಿ

ಶುಕ್ರಾರ ಮಧ್ಯಾಹ್ನ. ಕುಬಸಕ್ಕ ಎರಡ ದಿನ. ಪಟ್ಟಿ ನೋಡ್ಕೋತ ಕುಂತಿದ್ನಿ, ಕಣ್ಣು ಜಗ್ಗಾಕತ್ತಿದ್ವು. ಟೇಬಲ್ ಮ್ಯಾಲಿನ ಪೆನ್ಸಿಲ್ ಮೆಲ್ಲಕ ಸರಕೋತ ಹೊಂಟಿತ್ತು. ಇದೂ ಕನಸ ಅಂತ ತಿಳದು, ಹೋಗ್ಲಿ ಬಿಡು, ಅದಕ್ಕೂ ಎಲ್ಲಿಗೋ ಹೋಗೂದು ಇರಬೇಕು ಅನ್ಕೊಂಡ್ನಿ. ಅಂಚಿಗೆ ಬಂದು ಕೆಳಗ ಬಿತ್ತು. ಎತ್ತಿ ಇಟ್ನಿ. ಮತ್ತ ಹೊಂಟ್ತು.

ನೌಕರ್ಯಾಗ ಇದ್ದಾಗ ಕಂಬಕ್ಕ ಕಿವಿ ಹಚ್ಚಿ ಕುಂಡ್ರೂ ಚಾಳಿ ಇತ್ತು ನನಗ. ವಾಯರ್ ಎಲ್ಲಿ ಸಡ್ಲ ಐತಿ ಅಂತ ಕಂಬ ಹೇಳತೈತಿ. ಟೇಬಲ್ಲಿಗೆ ಕಿವಿ ಹಚ್ಚಿದ್ನಿ. ಒಳಗ ನಾಕು ಮಗ್ಗ ಓಡಾಕತ್ತಿದ್ವು.

ಆಗ ಎಲ್ಲಾ ಒಂದೊಂದ ಕೂಡಿ ಬಂತು. ಗೀರು ಬಿದ್ದ ಸೀಡಿ, ಮ್ಯಾಲ ಈ ನಡುಕ. ಕಂಪ್ಯೂಟರ್ ಒಂದು ಸಾಲು ಓದಾಕ ಹೋಗೂದು, ಮಗ್ಗ ಅದನ್ನ ಅಲುಗಾಡಸೂದು, ಅದು ಮತ್ತ ಮೊದಲಿಂದ ಓದೂದು. ಜಮಖಂಡ್ಯಾಗ ಮಗ್ಗ ಇದ್ದಿಲ್ಲ, ಓಡ್ತು. ಅಮಾಸಿಗೆ ಮಗ್ಗ ನಿಂತಿತ್ತು, ಓಡ್ತು. ದಿಕ್ಕು ಬದಲಿ ಮಾಡ್ತೇವಂತ ನಾವ ಅದನ್ನ ಮಗ್ಗದ ಬೆನ್ನಿಗೆ ಒಯ್ದು ಕಟ್ಟಿದ್ವಿ. ಗಾದಿ ಹಾಸಿ ಅದರ ಮ್ಯಾಲ ಇಟ್ಟು ನೋಡಿದ್ನಿ, ನೆಲಾನ ನಡಗತಿತ್ತು.

ಹೆಂಡ್ತಿಗೆ ಹೇಳಿದ್ನಿ. ಮೂವತ್ತೊಂದು ವರ್ಷ ಊರ ಕಂಬಕ್ಕೆಲ್ಲಾ ಕಿವಿ ಹಚ್ಚಿದ್ರಿ, ಸ್ವಂತ ಮನಿ ಟೇಬಲ್ಲಿಗೆ ಹಚ್ಚಾಕ ಹತ್ತು ದಿನ ಹಿಡೀತೇನ್ರಿ ಅಂದ್ಳು. ಮಗ್ಗ ನಿಲ್ಲಸ್ಬೇಕಂದ್ರ ಯಾರನ್ನ ಕೇಳಬೇಕು ಅಂತ ಇಬ್ರಿಗೂ ಗೊತ್ತಿತ್ತು.

೭. ಮತ್ತ ಡ್ಯೂಟಿ ಮ್ಯಾಲ

ನಾ ಹೋಗಿ ಕೇಳಿದ್ನಿ. ಮಗ್ಗದಾಕಿ ನನಗ ಅಣ್ಣಾರ ಅಂತಾಳ, ನಾ ತಂಗೆವ್ವ ಅಂತೇನಿ, ನಮ್ಮಿಬ್ರ ಮಾತು ಯಾವಾಗೂ ನಿಂತಿಲ್ಲ. ಒಂದು ಮಗ್ಗದ ಮ್ಯಾಲ ಹಸರ ಸೀರಿ ಐತ್ರಿ ಅಣ್ಣಾರ, ನಡುವ ನಿಲ್ಲಸಿದ್ರ ಅಡ್ಡ ಗೆರಿ ಬೀಳತೈತಿ, ಅಂಗಡ್ಯಾಂವ ತಗೊಳ್ಳೂದಿಲ್ಲ ಅಂದ್ಳು. ಆಮ್ಯಾಲ ಕೇಳಿದ್ಳು, ಇದನ್ನ ನೀವು ಕೇಳಾಕತ್ತೀರೋ, ಆಕಿ ಕೇಳಾಕತ್ತಾಳೋ?

ಹೊಳ್ಳಿ ನೋಡಿದ್ರ ನಮ್ಮಾಕಿ ಬಾಗಲದಾಗ ಬಂದು ನಿಂತಿದ್ಳು. ಹದಿನೈದು ಮಿನಿಟ್ ಸಾಕು ಅಂತ ಹೇಳ್ರಿ ಆಕಿಗೆ ಅಂದ್ಳು. ನಾ ಹೇಳಿದ್ನಿ. ನನಗ ಕಿವಿ ಅದಾವ ಅಂತ ಹೇಳ್ರಿ ಆಕಿಗೆ ಅಂದ್ಳು ಮಗ್ಗದಾಕಿ. ಅದನ್ನೂ ಹೇಳಿದ್ನಿ. ಮೂರು ಮಾರು ದೂರ ನಿಂತ ಇಬ್ರ ನಡುವ, ಮಗ್ಗದ ಸಪ್ಪಳದಾಗ ಒದರಿ ಒದರಿ, ಈ ಕಡೆ ಮಾತು ಆ ಕಡೆ, ಆ ಕಡೆ ಮಾತು ಈ ಕಡೆ. ಇಂಥಾ ಡ್ಯೂಟಿ ನಾ ನೌಕರ್ಯಾಗೂ ಮಾಡಿದ್ದಿಲ್ಲ. ಕಡೀಕ ನಮ್ಮಾಕಿ ನನ್ನ ಪಕ್ಕಕ್ಕ ಸರಿಸಿ ತಾನ ಒಳಗ ಬಂದ್ಳು.

"ನನ್ನ ದನಿ ಹೋಗೇತಿ ಅಂತ ನಿನಗ ಗೊತ್ತೈತಲ್ಲವಾ. ಇರೂದು ಅದೊಂದ."

ಒಂಬತ್ತು ವರ್ಷದ ಮ್ಯಾಲ ಆಡಿದ ಮೊದಲನೇ ಮಾತು. ಮಗ್ಗದಾಕಿ ಆಕಿ ಮಾರಿ ನೋಡಿದ್ಳು, ಕೈ ಒರಸ್ಕೊಂಡ್ಳು. ನಿಲ್ಲಸ್ತೇನಿ, ಆದ್ರ ನಾನೂ ಬಂದು ಕುಂಡ್ರತೇನಿ, ಅವತ್ತು ಶ್ರುತಿ ಬಿಟ್ಟಾಕಿ ಯಾರಂತ ನನ್ನ ಕಿವೀಲೆ ಕೇಳಬೇಕು ಅಂದ್ಳು. ನನಗೂ ಅದ ಬೇಕು ಅಂದ್ಳು ನಮ್ಮಾಕಿ. ನಾಕೂ ಮಗ್ಗ ಒಂದರ ಹಿಂದ ಒಂದು ಬಂದ್ ಆದ್ವು.

೮. ಯಾರ ಹೋದ್ರು

ನೇಕಾರ ಓಣ್ಯಾಗ ಹಗಲ ಹೊತ್ತಿನ್ಯಾಗ ಮಗ್ಗ ನಿಂತ್ರ ಮಂದಿ ಒಂದ ಅರ್ಥ ಮಾಡತಾರ. ಎರಡು ಮಿನಿಟಿನ್ಯಾಗ ನಮ್ಮ ಕಟ್ಟಿ ತುಂಬಿತು. ಯಾರ ಹೋದ್ರು, ಯಾವಾಗ ಹೋದ್ರು ಅಂತ ಒಳಗ ಬಂದವರು ನಾ ಬದುಕಿದ್ದು ನೋಡಿ ಬಾಜೂ ಮನಿಗೆ ಹೋಗೂದು, ಅಲ್ಲಿಂದ ಹೊಳ್ಳಿ ಬರೂದು. ಒಬ್ಬ ಪುಣ್ಯಾತ್ಮ ಹೂವಿನ ಹಾರಾನೂ ತಂದಿದ್ದ. ತಂದದ್ದು ವಾಪಸ್ ಒಯ್ಯಬಾರದಂತ ಕಂಪ್ಯೂಟರಿಗಿ ಹಾಕಿ ಹೋದ.

ಒಳಗ ಮಾತ್ರ ಬ್ಯಾರೆ ಜಗತ್ತಿತ್ತು. ಹಸರ ಪಟ್ಟಿ ನೀರ ಹರದಂಗ ಹರದು ಮುಂದ ಹೋಗತಿತ್ತು. ಇಬ್ರೂ ಅದನ್ನ ನೋಡಾಕತ್ತಿದ್ರು. ಹಾಡು ಇಳೀತು. ಹಚ್ಚಿದ್ನಿ.

ಆ ದನಿ ಕೇಳಿ ನಾನ ಮೈಮರ್ತ್ನಿ. ಒಂಬತ್ತು ವರ್ಷದ ಹಿಂದಿನ ಹೆಂಡ್ತಿ ಎದುರು ಬಂದು ಕುಂತಂಗ ಆತು. ಈಗಿನ ಹೆಂಡ್ತಿ ತುಟಿ ಆಡಸ್ಕೋತ ಅಳಾಕತ್ತಿದ್ಳು, ಮಗ್ಗದಾಕಿ ಆಕಿ ಕೈ ಹಿಡದಿದ್ಳು. ಎರಡನೇ ನುಡಿಗೆ ಬರೂದ ತಡ, ಆ ಗುಂಯ್ ಸುರು ಆತು. ಇಬ್ರೂ ಕೈ ಬಿಟ್ಟು ಒಬ್ಬರ ಕಡೆ ಒಬ್ರು ಬೆರಳ ಮಾಡಿದ್ರು.

ಮಗಳ ಹಳೇ ಹೆಡ್‌ಫೋನ್ ಇತ್ತು. ಮೊದಲ ಮಗ್ಗದಾಕಿ ಹಾಕ್ಕೊಂಡ್ಳು. ಕಣ್ಣ ಮುಚ್ಚಿ ಕೇಳಿ, ಇದು ಆಕೀದಲ್ಲ ಬಿಡ್ರಿ ಅಂದ್ಳು. ಆಮ್ಯಾಲ ನಮ್ಮಾಕಿ ಹಾಕ್ಕೊಂಡ್ಳು. ಕೇಳಿದ್ಳು. ಇದು ಈಕೀದೂ ಅಲ್ಲ ಅಂದ್ಳು. ಮತ್ತೊಮ್ಮೆ ಕೇಳಿದ್ಳು. ಹೆಡ್‌ಫೋನ್ ಮೆಲ್ಲಕ ತಗದು ನನ್ನ ಕಡೆ ಹೊಳ್ಳಿದ್ಳು.

"ಗುರ್ ಅಂತ ಏರತೈತಿ," ಅಂದ್ಳು. "ಪುಸ್ ಅಂತ ಇಳೀತೈತಿ."

ತಂಪನ್ನ ಕೋಣಿ, ಗೋಡಿಗೆಲ್ಲಾ ಗಾದಿ, ಒಂದು ಮೂಲಿ. ನನಗ ಮುಂದಿಂದು ಯಾಕ ನೆನಪಿಲ್ಲ ಅಂತ ಈಗ ತಿಳೀತು. ಇಬ್ರೂ ನನ್ನ ಮಾರಿ ನೋಡಿ ನಕ್ಕ ನಕ್ಕ ಒಬ್ಬರ ಮ್ಯಾಲ ಒಬ್ರು ಬಿದ್ರು. ಒಂಬತ್ತು ವರ್ಷದ ಸಿಟ್ಟು ಹೊಂಟು ನನ್ನ ಮ್ಯಾಲ ಬಂತು. ಈಗ ಸಾಕ್ಷಿ ಇಬ್ರು ಅದಾರ್ರಿ ಅಂದ್ಳು ಹೆಂಡ್ತಿ.

೯. ಮುಧೋಳ

ಐತಾರ ಮೂವರೂ ಮುಧೋಳದ ಬಸ್ ಹತ್ತಿದ್ವಿ. ಇಬ್ರೂ ಒಂದ ಸೀಟಿನ್ಯಾಗ ಕುಂತು ಒಂಬತ್ತು ವರ್ಷದ ಮಾತು ಮುಗಸಾಕತ್ತಿದ್ರು. ನಾ ಹಿಂದ ಬುತ್ತಿ ಚೀಲ ಹಿಡಕೊಂಡು ಕುಂತಿದ್ನಿ. ಮಗ್ಗದಾಕಿ ಕಾಗದದಾಗ ಸುತ್ತಿ ಒಂದು ಹಸರ ಸೀರಿ ತಂದಿದ್ಳು. ನಮ್ಮಾಕಿ ಬಿಚ್ಚಿ ನೋಡಿದ್ರ ನಡುವ ಒಂದು ಸಣ್ಣ ಅಡ್ಡ ಗೆರಿ. ಮಗ್ಗ ನಿಂತ ಜಾಗಾ ಅದು, ಮಾರಾಕ ಬರೂದಿಲ್ಲ, ಮಗಳಿಗೆ ಉಡಿಸಾಕ ಬರತೈತಿ ಅಂದ್ಳು ಆಕಿ. ನಮ್ಮಾಕಿ ಆ ಗೆರಿ ಮ್ಯಾಲ ಬೆರಳ ಆಡಸ್ಕೋತ ಮುಧೋಳ ಬರೂ ತನಕ ಕುಂತ್ಳು.

ಮಗಳು ಆ ಸೀರಿ ಉಟ್ಟು ಮಣಿ ಮ್ಯಾಲ ಕುಂತ್ಳು. ಪೆನ್‌ಡ್ರೈವಿನ್ಯಾಗ ಒಯ್ದಿದ್ದ ಹಾಡು ಹಚ್ಚಿದ್ರು. ಮನಿ ತುಂಬ ಹೆಣ್ಮಕ್ಕಳು ಸುಮ್ಮ ಆಗಿ ಕೇಳಿದ್ರು. ಮಗ್ಗದಾಕಿ ಹಾಡಿನ ಜೋಡಿ ತಾನೂ ಹಾಡಿದ್ಳು, ನಮ್ಮಾಕಿ ಆಕಿ ಹೆಗಲ ಮ್ಯಾಲ ಕೈ ಇಟ್ಟು ತುಟಿ ಆಡಿಸಿದ್ಳು. ಮಗಳು ಅವ್ವನ ಕಡೆ ನೋಡಿ ನಕ್ಕೋತ ಕಣ್ಣ ತುಂಬ್ಕೊಂಡ್ಳು. ಹೋಳಿಗಿ ಊಟ ಮೊದಲ ಆಗಿತ್ತು. ನಾ ಒಂದು ಮೂಲ್ಯಾಗ ಕಂಬಕ್ಕ ಬೆನ್ನ ಹಚ್ಚಿ ಕುಂತಿದ್ನಿ. ದೂರದಾಗೆಲ್ಲೋ ಗುಬ್ಬಿ ವಾಯರ್ ಮ್ಯಾಲ ಕುಂತು ಹಾಡಾಕತ್ತಿದ್ವು, ಈ ಸಲ ಐದನೇ ಗುಬ್ಬೀನೂ ಹಾಡ್ತು.

ಉಳದದ್ದು ಮಗಳು ಆಮ್ಯಾಲ ಹೇಳಿದ್ದು. ಬೀಗತಿ ಕೇಳಿದ್ರಂತ, ಹಾಡಿನ ಹಿಂದ ಗುಂಯ್ ಅಂತ ನುಡೀತೈತಲ್ಲ, ಭಾಳ ಛಲೋ ಕೂಡೇತಿ, ಅದು ಯಾವ ವಾದ್ಯರೀ ಅಂತ. ನಮ್ಮಾಕಿ, ಮಗ್ಗದಾಕಿ ಇಬ್ರೂ ಒಬ್ಬರ ಮಾರಿ ಒಬ್ರು ನೋಡಲಾರದ, ಒಂದ ದನೀಲೆ, ತಂಬೂರಿ ಅಂದ್ರಂತ. ಬೀಗತಿ ನಂಬಿ ತೆಲಿ ಆಡಿಸಿದ್ರಂತ.

ಇಬ್ರೂ ಅಷ್ಟಕ್ಕ ಪಾರಾಗತಿದ್ರು. ಆದ್ರ ಹಾಡು ಮುಗದ ಮ್ಯಾಲೂ ತಂಬೂರಿ ನಿಂದ್ರಲಿಲ್ಲಂತ.